ಎ.ಸಿ. ಕೋರ್ಟಿನ ಬದಲಿಗೆ ನಾನು

ದೋಹಾದ ಕನ್ನಡಿಗರ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗಿಗೆ ಮೊಟ್ಟಮೊದಲು ಆಯ್ಕೆಯಾದವಳು ನಾನು. ಆಯ್ಕೆಯಾದ ದಿನದವರೆಗೆ ಬ್ಯಾಸ್ಕೆಟ್‌ಬಾಲನ್ನು ಟಿ.ವಿ.ಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ನನ್ನನ್ನು ಆರಿಸಿದವರ ಅನುಭವವೂ ಅಷ್ಟೇ. ಆದರೆ ಅವರು ಟಿ.ವಿ. ಹೆಚ್ಚು ಹೊತ್ತು ನೋಡಿದ್ದರು.

ನನ್ನ ಅರ್ಹತೆ ಎಂದರೆ ಐದು ಅಡಿ ಹನ್ನೊಂದು ಇಂಚು. ದಾವಣಗೆರೆಯಲ್ಲಿ ಇದನ್ನು ಅರ್ಹತೆ ಎಂದು ಯಾರೂ ಕರೆದಿರಲಿಲ್ಲ. ಹೆಣ್ಣು ನೋಡಲು ಬಂದವರು ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ತಲೆ ತಗ್ಗಿಸಿದ್ದನ್ನು ನಾಚಿಕೆ ಎಂದುಕೊಂಡು ಮೆಚ್ಚುತ್ತಿದ್ದರು. ಒಳಗೆ ಬಂದು ನೇರ ನಿಂತ ಮೇಲೆ ಅವರ ಮುಖ ಬದಲಾಗುತ್ತಿತ್ತು. ಒಬ್ಬ ಹುಡುಗನ ತಾಯಿಯಂತೂ ನಮ್ಮಮ್ಮನನ್ನು ಪಕ್ಕಕ್ಕೆ ಕರೆದು, ಇನ್ನೂ ಬೆಳೆಯುವುದಿದೆಯೋ ಇಲ್ಲಿಗೆ ನಿಂತಿತೋ ಎಂದು ವಿಚಾರಿಸಿದ್ದರು. ಕೊನೆಗೆ ನನಗಿಂತ ಎರಡು ಇಂಚು ಕಡಿಮೆಯಿದ್ದೂ ಅದು ತಮ್ಮ ಗಮನಕ್ಕೇ ಬಂದಿಲ್ಲವೆಂಬಂತೆ ಕೂತಿದ್ದ ಬಾಗಲಕೋಟೆಯ ಎಂಜಿನಿಯರರನ್ನು ಮದುವೆಯಾದೆ. ಅವರ ಆ ನಟನೆಗೇ ನಾನು ಮನಸೋತದ್ದು ಎಂದು ಈಗಲೂ ಹೇಳುತ್ತೇನೆ.

ಅವರಿಗೆ ಕತಾರಿನ ಒಂದು ಗ್ಯಾಸ್ ಪ್ಲಾಂಟಿನಲ್ಲಿ ಪೈಪುಗಳ ಬೆಸುಗೆ ಪರೀಕ್ಷಿಸುವ ಕೆಲಸ. ಮನೆ ಓಲ್ಡ್ ಏರ್‌ಪೋರ್ಟ್ ಕಡೆ, ಒಂದು ಕಿರಾಣಿ ಅಂಗಡಿಯ ಮೇಲಿನ ಫ್ಲಾಟು. ಬೆಳಕು ಹರಿಯುವ ಮುಂಚೆ ಕಂಪನಿಯ ಬಸ್ಸು ಅವರನ್ನು ಕರೆದೊಯ್ದರೆ ಸಂಜೆ ತಂದು ಬಿಡುತ್ತಿತ್ತು. ನಡುವಿನ ಹೊತ್ತು ನನ್ನದು. ಆ ಹೊತ್ತಿನಲ್ಲಿ ನಾನು ಒರೆಸಿದ ಟೈಲ್ಸನ್ನೇ ಮತ್ತೆ ಒರೆಸಿದೆ, ಊರಿನ ಎಲ್ಲರಿಗೂ ಫೋನ್ ಮಾಡಿದೆ, ನಾನು ಫೋನ್ ಮಾಡಿದರೆ ಜನ ಎತ್ತದಿರುವಷ್ಟು ಮಾಡಿದೆ. ಕಾಲೇಜಿನ ಕಾಲದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಥ್ರೋಬಾಲ್ ಆಡಿದವಳು ನಾನು. ಮೈಗೆ ಆಟ ಗೊತ್ತಿತ್ತು. ಸಂಜೆ ನಾಲ್ಕಾದರೆ ಅಂಗೈ ಸುಮ್ಮನಿರುತ್ತಿರಲಿಲ್ಲ, ಒಂದು ಚೆಂಡು ಬೇಕೆನ್ನುತ್ತಿತ್ತು. ಸೋಫಾದ ದಿಂಬನ್ನು ಗೋಡೆಗೆಸೆದು ಹಿಡಿಯುತ್ತಾ ಎಷ್ಟೋ ಸಂಜೆ ಕಳೆದಿದ್ದೇನೆ.

ಇಲ್ಲಿನ ನಮ್ಮ ಗಂಡಸರಿಗೆ ಕ್ರಿಕೆಟ್ ಟೂರ್ನಮೆಂಟುಗಳಿದ್ದವು. ಅದರಲ್ಲಿ ಆಟಕ್ಕಿಂತ ಆಟಗಾರರ ಹರಾಜು ಜೋರು. ಮೈಕು, ಸುತ್ತಿಗೆ, ಮಾಲೀಕರಿಗೆ ಶಾಲು, ಎಲ್ಲವೂ ಇರುತ್ತಿತ್ತು. ಆ ವರ್ಷ ಹೆಂಗಸರಿಗೂ ಏನಾದರೂ ಮಾಡಬೇಕೆಂದು ಸಂಘದವರಿಗೆ ಹೊಳೆದು ಬ್ಯಾಸ್ಕೆಟ್‌ಬಾಲ್ ಎಂದು ತೀರ್ಮಾನವಾಯಿತು. ಹೆಂಗಸರು ಯಾರೂ ಬ್ಯಾಸ್ಕೆಟ್‌ಬಾಲ್ ಕೇಳಿರಲಿಲ್ಲ, ಕೇಳಿದ್ದು ಶುಕ್ರವಾರ ಅಡುಗೆಗೆ ರಜೆ. ನಾಲ್ಕು ತಂಡಗಳಾದವು. ಆದರೆ ಹೆಂಗಸರನ್ನು ಹರಾಜು ಹಾಕಿದರೆ ಚೆನ್ನಾಗಿರುವುದಿಲ್ಲ ಎಂಬ ಸೂಕ್ಷ್ಮ ಪ್ರಶ್ನೆ ಎದ್ದಿತು. ಆಗ ಮುಂದೆ ಬಂದವರು ನಮ್ಮ ಅಕೌಂಟೆಂಟ್ ಸಾಹೇಬರು.

ಇವರು ಮೈಸೂರಿನವರು. ಒಂದು ಕಂಪನಿಯ ಲೆಕ್ಕ ನೋಡುತ್ತಾರೆ, ಉಳಿದ ಹೊತ್ತು ಅಮೆರಿಕದ ಬ್ಯಾಸ್ಕೆಟ್‌ಬಾಲ್ ನೋಡುತ್ತಾರೆ. ಚೆಂಡನ್ನು ಮುಟ್ಟಿದವರಲ್ಲ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲನ್ನೂ ಮುಟ್ಟಿದವರಲ್ಲ, ಎಸ್ಕಲೇಟರ್ ಕೆಟ್ಟಿದ್ದರೆ ಲಿಫ್ಟ್ ಹುಡುಕುತ್ತಾರೆ. ಅವರು ಎದ್ದು ನಿಂತು, ಹರಾಜು ಬೇಡ, ಅಮೆರಿಕದಲ್ಲಿ ಡ್ರಾಫ್ಟ್ ಎಂದಿದೆ, ಅದರಲ್ಲಿ ಮಾಲೀಕರು ಸರದಿಯ ಪ್ರಕಾರ ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತಾರೆ, ಬೆಲೆ ಕೂಗುವ ಮಾತೇ ಇಲ್ಲ, ತುಂಬ ಗೌರವದ ಪದ್ಧತಿ ಎಂದು ವಿವರಿಸಿದರು. ಬೆಲೆಯಿಲ್ಲದೆ ಆರಿಸಿಕೊಳ್ಳುವುದು ಗೌರವ ಎಂದು ಸಭೆ ಒಪ್ಪಿತು.

ಡ್ರಾಫ್ಟ್ ನಡೆದದ್ದು ಅಲ್ ಮನ್ಸೂರಾದ ಒಂದು ಹೋಟೆಲಿನ ಮಹಡಿಯ ಮೇಲೆ, ಗಂಡಸರಷ್ಟೇ ಸೇರಿದ್ದರು. ಚೀಟಿ ಎತ್ತಿದಾಗ ಮೊದಲ ಸರದಿ ನಮ್ಮ ತಂಡಕ್ಕೆ ಬಂತು. ತಂಡದ ಮಾಲೀಕರು ಪುತ್ತೂರು ಕಡೆಯ ಬ್ಯಾರಿ ಹಿರಿಯರು, ಮೂವತ್ತು ವರ್ಷದಿಂದ ಇಲ್ಲಿ ಟೈಲ್ಸ್ ವ್ಯಾಪಾರ. ಮ್ಯಾನೇಜರು ನನ್ನ ಯಜಮಾನರು. ಸಲಹೆಗಾರರು ಅಕೌಂಟೆಂಟ್ ಸಾಹೇಬರು. ಕೆಲವು ದಿನಗಳ ಹಿಂದೆ ಕಾರಿನಲ್ಲಿ ಹೋಗುವಾಗ ನನ್ನ ಯಜಮಾನರು ಅವರಿಗೆ, "ನಮ್ಮಾಕಿ ಯುನಿವರ್ಸಿಟಿ ಪ್ಲೇಯರ್ ಅದಾಳ್ರಿ" ಎಂದಿದ್ದರಂತೆ. ಯಾವ ಆಟದಲ್ಲಿ ಎಂದು ಸಾಹೇಬರು ಕೇಳಲಿಲ್ಲ. ನನ್ನ ಎತ್ತರವನ್ನು ಅವರು ಆಗಲೇ ನೋಡಿದ್ದರು. ಎತ್ತರದ ಹೆಂಗಸು ಆಡಿದಳೆಂದರೆ ಇನ್ನೇನು ಆಡಿಯಾಳು ಎಂಬುದು ಅವರ ತರ್ಕ.

ಹಾಗೆ ನನ್ನ ವೀಸಾದ ಫೋಟೋ ವಾಟ್ಸ್‌ಆಪ್ ಗುಂಪಿಗೆ ಬಂತು. ಆ ಫೋಟೋದಲ್ಲಿ ನಾನು ಈಗಷ್ಟೇ ಸಿಕ್ಕಿಬಿದ್ದ ಕಳ್ಳಿಯಂತಿದ್ದೇನೆ. ಕೆಳಗೆ "ಫಸ್ಟ್ ಪಿಕ್" ಎಂದಿತ್ತು. ಅದರ ಕೆಳಗೆ ಅಭಿನಂದನೆಗಳ ಸುರಿಮಳೆ, ಎಲ್ಲವೂ ನನ್ನ ಯಜಮಾನರಿಗೆ.

ಅವರು ಮನೆಗೆ ಬಂದಾಗ ಕೇಳಿದೆ. "ರೀ, ನಾ ಆಡಿದ್ದು ಥ್ರೋಬಾಲ್. ಅವರಿಗೆ ಹೇಳೀರಿಲ್ಲೋ?"

"ಬಾಲ್ ಅಂದ್ರ ಬಾಲ್" ಎಂದರು ಬೂಟು ಬಿಚ್ಚುತ್ತಾ. "ಕೈ ಅದಾವ, ಎತ್ತರ ಐತಿ. ಇನ್ನೇನ್ ಬೇಕು?"

ಮರುದಿನ ನಾನೇ ಅಕೌಂಟೆಂಟ್ ಸಾಹೇಬರಿಗೆ ಫೋನ್ ಮಾಡಿ ನಿಜ ಹೇಳಿದೆ. ಕೇಳಿ ಅವರ ದನಿಗೆ ಉತ್ಸಾಹ ಬಂತು. "ಮೇಡಂ, ಇದು ಇನ್ನೂ ಒಳ್ಳೇದೇ ಆಯ್ತು. ನಿಮ್ಗೆ ಕೆಟ್ಟ ಅಭ್ಯಾಸ ಯಾವ್ದೂ ಇರಲ್ಲ. ನಿಮ್ಮಂಥೋರನ್ನ ಪ್ರಾಜೆಕ್ಟ್ ಅಂತೀವಿ. ಮೂರು ವರ್ಷ ಕೊಡಿ, ನೋಡ್ತಿರಿ."

ನನ್ನ ಯಜಮಾನರ ಕಾಂಟ್ರಾಕ್ಟ್ ಇದ್ದದ್ದು ಒಂದೂವರೆ ವರ್ಷಕ್ಕೆ. ಸಾಹೇಬರದೂ ಹೆಚ್ಚೂಕಡಿಮೆ ಅಷ್ಟೇ. ಈ ಊರಿನಲ್ಲಿ ಮೂರು ವರ್ಷ ಬಾಳುವ ಸೋಫಾ ಕೊಳ್ಳಲು ಹಿಂದೆಮುಂದೆ ನೋಡುವ ಜನ ನನ್ನ ವಿಷಯದಲ್ಲಿ ಮಾತ್ರ ದೂರದೃಷ್ಟಿ ತೋರಿದರು. ನಾನೂ ತಕರಾರು ಮಾಡಲಿಲ್ಲ. ನನಗೆ ಬೇಕಾಗಿದ್ದುದು ಒಂದೇ, ಶುಕ್ರವಾರ ಕೋರ್ಟಿಗಿಳಿದು ಆಡುವುದು. ಪ್ರಾಜೆಕ್ಟ್ ಎನ್ನಲಿ, ಕಟ್ಟಡ ಎನ್ನಲಿ, ಚೆಂಡು ಕೈಗೆ ಬಂದರೆ ಸಾಕಿತ್ತು.

ಮೊದಲ ಪ್ರಾಕ್ಟೀಸು ಒಂದು ಶಾಲೆಯ ಹಿಂದಿನ ಬಯಲು ಕೋರ್ಟಿನಲ್ಲಿ. ನಮ್ಮ ಹುಡುಗಿಯೊಬ್ಬಳು ಚೆಂಡನ್ನು ನನ್ನ ಕಡೆ ಎಸೆದಳು. ನಾನು ಎರಡೂ ಕೈಯಲ್ಲಿ ಗಬಕ್ಕನೆ ಹಿಡಿದು, ಹಿಡಿದಷ್ಟೇ ಬೇಗ ಭುಜದ ಮೇಲಿಂದ ಒಂದೇ ಕೈಯಲ್ಲಿ ಬೀಸಿ ಒಗೆದೆ. ಚೆಂಡು ಕೋರ್ಟು ದಾಟಿ, ಬೇಲಿ ದಾಟಿ, ಪಾರ್ಕಿಂಗಿನಲ್ಲಿದ್ದ ಮಾಲೀಕರ ಕಾರಿನ ಮೇಲೆ ಬಿತ್ತು. ಥ್ರೋಬಾಲ್ ಆಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಚೆಂಡನ್ನು ಮೂರು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಹಿಡಿದವಳು ಹೆಜ್ಜೆ ಕದಲಿಸುವಂತಿಲ್ಲ. ಚೆಂಡು ನೆಲಕ್ಕೆ ಬಿದ್ದರೆ ಮುಗಿಯಿತು, ಪಾಯಿಂಟ್ ಎದುರಿನವರಿಗೆ. ಹತ್ತು ವರ್ಷ ಚೆಂಡನ್ನು ನೆಲಕ್ಕೆ ಬೀಳಿಸಬೇಡ ಎಂದು ಬೈಸಿಕೊಂಡು ಬೆಳೆದವಳನ್ನು ಈಗ ಬೇಲಿಯ ಹೊರಗೆ ಕುರ್ಚಿ ಹಾಕಿಕೊಂಡ ಮೂವರು, ನೆಲಕ್ಕೆ ಕುಟ್ಟಿ, ನೆಲಕ್ಕೆ ಕುಟ್ಟಿ ಎಂದು ಕೂಗತೊಡಗಿದರು. ಕುಟ್ಟಿದೆ. ಅದು ನನ್ನ ಕಾಲಿಗೇ ಬಡಿದು ಉರುಳಿ ಹೋಯಿತು.

"ಎಂತ ಮಾರಾಯ್ರೆ ಇದು" ಎಂದರು ಮಾಲೀಕರು ತಮ್ಮ ಕಾರು ಸವರುತ್ತಾ. "ಫಸ್ಟ್ ಪಿಕ್ಕಿಗೆ ಡ್ರಿಬ್ಲಿಂಗ್ ಮಾಫಿ, ಬರುದೇ ಇಲ್ವಾ?"

"ಕಾಯ್ಬೇಕು ಸಾರ್" ಎಂದರು ಸಾಹೇಬರು. "ಟ್ಯಾಲೆಂಟ್ ಹಸಿಯಾಗಿದೆ."

ಆ ವಾರದಿಂದ ನನ್ನ ಅಭಿವೃದ್ಧಿ ಶುರುವಾಯಿತು. ಡೆವಲಪ್‌ಮೆಂಟ್ ಕಮಿಟಿ ಎಂದು ಹೆಸರಿಟ್ಟುಕೊಂಡು ಮೂವರೂ ಪ್ರತಿ ಶನಿವಾರ ಸಂಜೆ ನಮ್ಮ ಮನೆಯ ಹಾಲಿನಲ್ಲಿ ಸೇರುತ್ತಿದ್ದರು. ನನ್ನ ಬಗ್ಗೆ ಚರ್ಚೆಯಾದ್ದರಿಂದ ನಮ್ಮ ಮನೆಯೇ ಅನುಕೂಲ ಎಂಬುದು ಅವರ ವಾದ. ಒಳಗೆ ಮಿರ್ಚಿ ಕರಿಯುತ್ತಿದ್ದ ಕಾರಣ ನನಗೆ ಸಭೆಯಲ್ಲಿ ಭಾಗವಹಿಸಲು ಆಗುತ್ತಿರಲಿಲ್ಲ. ತಟ್ಟೆ ಇಡಲು ಹೊರಗೆ ಬಂದಾಗ ನನ್ನ ಮೊಣಕಾಲಿನ ಬಗ್ಗೆಯೋ ಹಿಮ್ಮಡಿಯ ಬಗ್ಗೆಯೋ ಮಾತು ನಡೆದಿರುತ್ತಿತ್ತು. ನಾನು ಬಂದದ್ದು ಕಂಡು ದನಿ ತಗ್ಗಿಸುತ್ತಿದ್ದರು. ಮಿರ್ಚಿ ತೆಗೆದುಕೊಂಡ ಮೇಲೆ ಮತ್ತೆ ಏರಿಸುತ್ತಿದ್ದರು.

ಒಮ್ಮೆ ಸಾಹೇಬರಿಗೆ ನನ್ನ ರೆಕ್ಕೆಯ ಅಗಲ ಬೇಕಾಯಿತು. ಆಟಗಾರರು ಎರಡೂ ತೋಳು ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಎಷ್ಟು ಎಂದು ಅಮೆರಿಕದಲ್ಲಿ ಅಳೆಯುತ್ತಾರಂತೆ. ಪರಸ್ತ್ರೀಯನ್ನು ಅಳೆಯುವುದು ಸರಿಯಲ್ಲವೆಂದು ಅವರು ಟೇಪನ್ನು ನನ್ನ ಯಜಮಾನರ ಕೈಗೆ ಕೊಟ್ಟರು. ಅದು ಪರದೆ ಹೊಲಿಸಲು ತಂದಿದ್ದ ಟೇಪು. ನಾನು ಅಡುಗೆಮನೆಯ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತೆ, ಒಂದು ಕೈಯಲ್ಲಿ ಎಣ್ಣೆಯಿಂದ ಮಿರ್ಚಿ ಎತ್ತುವ ಉದ್ದನೆಯ ಝಾರಿಯಿತ್ತು. ಯಜಮಾನರು ಝಾರಿಯನ್ನೂ ಸೇರಿಸಿ ಅಳೆದರು. ಬಂದ ಅಳತೆ ಕೇಳಿ ಸಾಹೇಬರು ಸೋಫಾದಿಂದ ಎದ್ದೇ ನಿಂತರು. ಅಂಥ ರೆಕ್ಕೆ ಅಮೆರಿಕದಲ್ಲೂ ಅಪರೂಪವಂತೆ. ತಪ್ಪನ್ನು ನಾನು ತಿದ್ದಲು ಹೋಗಲಿಲ್ಲ, ಎಣ್ಣೆ ಕಾಯುತ್ತಿತ್ತು.

ಇನ್ನು ಆಹಾರ. ಮಾಲೀಕರಿಗೆ ನಾನು ಮಾಂಸ ಮುಟ್ಟುವುದಿಲ್ಲವೆಂದು ತಿಳಿದಾಗ ನಿಜವಾಗಿ ಬೇಸರವಾಯಿತು. "ಕೋಳಿ ತಿನ್ನುದಿಲ್ಲ, ಮೊಟ್ಟೆ ತಿನ್ನುದಿಲ್ಲ. ಮತ್ತೆ ಈ ಹೆಣ್ಣು ಹಾರುದು ಹೇಗೆ?" ಎಂದು ನನ್ನ ಯಜಮಾನರನ್ನು ಕೇಳಿದರು. ಜೋಳದ ರೊಟ್ಟಿ ತಿಂದವರು ಹಾರುವುದಿಲ್ಲ, ಗಟ್ಟಿ ನಿಲ್ಲುತ್ತಾರೆ ಎಂದು ಇವರು ಸಮರ್ಥಿಸಿಕೊಂಡರು. ಮರುದಿನ ಸೂಕ್ ವಾಕಿಫ್ ಪೇಟೆಯಿಂದ ಒಂದು ಡಬ್ಬಿ ಖರ್ಜೂರ, ಒಂದು ಡಬ್ಬಿ ಬಾದಾಮಿ ಬಂದವು. ಮಾಲೀಕರ ಮನಸ್ಸು ದೊಡ್ಡದು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಬಾದಾಮಿಯ ಮುಕ್ಕಾಲು ಭಾಗ ಮುಂದಿನ ಶನಿವಾರ ಕಮಿಟಿಯೇ ತಿಂದಿತು.

ಲೀಗ್ ಶುರುವಾಯಿತು. ನಾನು ಬೆಂಚಿನ ಮೇಲೆ ಕೂತೆ. ಮೊದಲ ಪಂದ್ಯ ಪೂರ್ತಿ ಕೂತೆ, ಎರಡನೆಯದೂ ಕೂತೆ. ಡೆವಲಪ್‌ಮೆಂಟ್ ಎಂದರೆ ಕೂರಿಸುವುದು ಎಂದು ಆಗಲೇ ನನಗೆ ಅರ್ಥವಾದದ್ದು. ಹಸಿ ಪ್ರತಿಭೆಯನ್ನು ಅವಸರದಲ್ಲಿ ಇಳಿಸಿದರೆ ಆತ್ಮವಿಶ್ವಾಸ ಕುಸಿಯುತ್ತದೆ ಎಂಬುದು ಸಾಹೇಬರ ಸಿದ್ಧಾಂತ. ನನ್ನ ಬೆನ್ನ ಹಿಂದಿನ ಸಾಲಿನಲ್ಲಿ ತಂಡದ ಅಭಿಮಾನಿಗಳು ಎರಡು ಪಂಗಡವಾಗಿದ್ದರು. ಮೊದಲ ಪಿಕ್ಕನ್ನು ಹಾಳುಮಾಡಿದರು ಎನ್ನುವವರು ಕೆಲವರು, ಇನ್ನೂ ಕಾಯಬೇಕು ಎನ್ನುವವರು ಕೆಲವರು. ಎರಡನೇ ಸರದಿಯಲ್ಲಿ ಹೋದ ಉಡುಪಿ ಕಡೆಯ ಆ ಹುಡುಗಿಯನ್ನು ತೆಗೆದುಕೊಂಡಿದ್ದರೆ ಈಗ ಕಪ್ ನಮ್ಮದೇ ಎಂದು ಒಬ್ಬರು ಪ್ರತಿ ಐದು ನಿಮಿಷಕ್ಕೆ ಲೆಕ್ಕ ಒಪ್ಪಿಸುತ್ತಿದ್ದರು. ನಾನು ಅವರ ಮುಂದೆಯೇ ಕೂತಿದ್ದೆ. ನನ್ನ ತಲೆ ಅವರಿಗೆ ಕೋರ್ಟು ಕಾಣದಂತೆ ಅಡ್ಡವಾಗಿದ್ದರೂ ನಾನಿದ್ದೇನೆಂದು ಅವರಿಗೆ ಅನ್ನಿಸುತ್ತಿರಲಿಲ್ಲ. ಆ ಎರಡು ಶುಕ್ರವಾರ ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ಅತ್ತಿದ್ದೇನೆ. ಬೆವರದ ಮೈಗೆ ಸ್ನಾನ ಮಾಡುವುದು ಎಷ್ಟು ಅವಮಾನವೆಂದು ಆಟ ಆಡಿದವರಿಗೇ ಗೊತ್ತು.

ಮೂರನೆಯ ಪಂದ್ಯದ ಮುಂಚಿನ ಶನಿವಾರ ಕಮಿಟಿ ಎಂದಿಗಿಂತ ಬೇಗ ಬಂತು. ಯಜಮಾನರು ನನ್ನ ಕಣ್ಣು ತಪ್ಪಿಸುತ್ತಿದ್ದರು. ನಾನು ಚಹಾ ಸೋಸುತ್ತಿದ್ದಾಗ ಹಾಲಿನಿಂದ ಸಾಹೇಬರ ಮಾತು ಸ್ಪಷ್ಟವಾಗಿ ಕೇಳಿಸಿತು.

"ಮೇಡಂನ ಆ ನರ್ಸ್‌ಗಳ ಟೀಮಿಗೆ ಟ್ರೇಡ್ ಮಾಡೋದೇ ಕರೆಕ್ಟು ಸಾರ್. ನಮ್ಗೆ ಅವ್ರ ಕಡೆಯಿಂದ ಆ ಶೂಟರ್ ಹುಡುಗಿ ಸಿಗ್ತಾಳೆ. ಜೊತೆಗೆ ಪ್ರಾಕ್ಟೀಸಿಗೆ ಅವ್ರ ಮಂಗಳವಾರದ ಒಳಾಂಗಣ ಕೋರ್ಟು."

"ಎ.ಸಿ. ಉಂಟಾ?" ಎಂದರು ಮಾಲೀಕರು.

"ಸೆಂಟ್ರಲ್ ಎ.ಸಿ."

"ಹಾಗಾದ್ರೆ ಯಲ್ಲಾ, ಮಾಡಿ."

ಕತಾರಿನ ಸೆಪ್ಟೆಂಬರಿನಲ್ಲಿ ಸಂಜೆಯಾದರೂ ಗಾಳಿ ಬಿಸಿ ಬಟ್ಟೆಯ ಹಾಗೆ ಮುಖಕ್ಕೆ ಅಂಟುತ್ತದೆ. ಎ.ಸಿ. ಇರುವ ಕೋರ್ಟು ವಾರಕ್ಕೆ ಒಂದು ಸಂಜೆ ಸಿಗುವುದು ಸಣ್ಣ ಮಾತಲ್ಲ ಎಂದು ನನಗೂ ಗೊತ್ತು. ಆದರೂ ನಾನು ಒಂದು ಏರ್ ಕಂಡಿಷನರಿಗೆ ಬದಲಿಯಾಗಿ ಹೋಗುತ್ತಿದ್ದೇನೆಂದು ಚಹಾ ಸೋಸುತ್ತಾ ಕೇಳಿಸಿಕೊಳ್ಳುವುದು ಬೇರೆ. ಮೂರು ಕಪ್ಪು ತಂದು ಟೀಪಾಯಿಯ ಮೇಲಿಟ್ಟೆ.

"ಮ್ಯಾನೇಜರ್ ಸಾಹೇಬ್ರ ಒಪ್ಪಿಗಿ ಆತೇನ್ರಿ?" ಎಂದೆ.

ಯಜಮಾನರು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದರು. "ಇದು ಟೀಮಿನ ವಿಷಯ ಐತಿ" ಎಂದರು. "ಪರ್ಸನಲ್ ಅಂತ ತಿಳ್ಕೋಬ್ಯಾಡ."

"ನನ್ನ ಕೇಳಿದ್ರೇನ್ರಿ ಯಾರರ?"

"ಮೇಡಂ, ಟ್ರೇಡಲ್ಲಿ ಪ್ಲೇಯರನ್ನ ಕೇಳಲ್ಲ" ಎಂದರು ಸಾಹೇಬರು ಬಹಳ ವಿನಯದಿಂದ. "ಅಮೆರಿಕದಲ್ಲೂ ಹಂಗೇ."

ನಾನು ಮೂರೂ ಕಪ್ಪನ್ನು ಮತ್ತೆ ತಟ್ಟೆಗಿಟ್ಟುಕೊಂಡು ಒಳಗೆ ಹೋದೆ. ಅಮೆರಿಕದಲ್ಲಿ ಚಹಾ ಯಾರು ಕೊಡುತ್ತಾರೋ ಅವರನ್ನೇ ಕೇಳಲಿ ಎಂದು ಸಿಂಕಿಗೆ ಸುರಿದೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಯಜಮಾನರು ರೊಟ್ಟಿ ಚೆನ್ನಾಗಿದೆ ಎಂದರು, ಅದು ನಿನ್ನೆಯ ರೊಟ್ಟಿ.

ನಾನು ಹೋದ ತಂಡದಲ್ಲಿ ಹೆಚ್ಚಿನವರು ನರ್ಸುಗಳು, ಒಂದಿಬ್ಬರು ಟೀಚರುಗಳು. ಕ್ಯಾಪ್ಟನ್ ಮಂಗಳೂರು ಕಡೆಯ ಕೊಂಕಣಿ ಮಾತಾಡುವ ನರ್ಸು, ನಲವತ್ತು ದಾಟಿದವರು. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಡ್ಯೂಟಿ ಮುಗಿಸಿ ನೇರ ಪ್ರಾಕ್ಟೀಸಿಗೆ ಬರುತ್ತಿದ್ದರು. ತಂಡದ ಶೂಟರೂ ಹೋಗಿ, ಎ.ಸಿ. ಕೋರ್ಟೂ ಹೋಗಿ, ಬದಲಿಗೆ ಬಂದವಳು ಡ್ರಿಬಲ್ ಬಾರದ ಒಂದು ವಿದ್ಯುತ್ ಕಂಬ ಎಂದು ಅವರ ಹುಡುಗಿಯರ ಮುಖ ಹುಳ್ಳಗಾಗಿತ್ತು. ಟ್ರೇಡ್ ಕೇಳಿದ್ದು ಸಿಸ್ಟರೇ ಎಂದು ಅಲ್ಲಿ ಗೊತ್ತಾಯಿತು. ನಾನು ಬಯಲು ಕೋರ್ಟಿನ ಅಂಚಿಗೆ ನಿಂತು, ಯಾರಾದರೂ ಹೇಳುವ ಮೊದಲೇ ನಾನೇ ಹೇಳಿಬಿಡುವುದು ಒಳ್ಳೆಯದೆಂದು, "ನನಗ ಡ್ರಿಬಲ್ ಬರೂದಿಲ್ರಿ" ಎಂದೆ.

"ಗೊತ್ತುಂಟು" ಎಂದರು ಸಿಸ್ಟರ್. "ನೀವು ಬೆಂಚಲ್ಲಿ ಕೂತು ನೀರಿನ ಬಾಟ್ಲಿ ಹಿಡಿಯುದು ನೋಡಿದ್ದೇನೆ. ಆಚೆಯಿಂದ ಯಾರೋ ಎಸೆದದ್ದನ್ನು ನೋಡದೆ ಹಿಡಿದಿರಿ. ಥ್ರೋಬಾಲ್ ಅಲ್ವಾ?"

"ಹೌದ್ರಿ."

"ನಾನೂ ಆಡಿದ್ದೆ, ನರ್ಸಿಂಗ್ ಕಾಲೇಜಲ್ಲಿ. ನೀವು ರಿಂಗಿನ ಕೆಳಗೆ ನಿಂತುಕೊಳ್ಳಿ. ಅವರ ಶಾಟ್ ತಪ್ಪಿ ಚೆಂಡು ಮೇಲಿಂದ ಬರ್ತದೆ. ಹಿಡಿಯುದು, ಹಿಡಿದ ಕೂಡ್ಲೆ ಓಡುವವಳಿಗೆ ಎಸೆಯುದು. ಕುಟ್ಟುದು ಬೇಡ, ನಡೆಯುದು ಬೇಡ. ನಿಮಗೆ ಬರುದನ್ನೇ ಮಾಡಿ."

"ಮೈಗೆ ಮೈ ತಾಗಸ್ತಾರಲ್ರಿ ಇದರಾಗ" ಎಂದೆ. ಥ್ರೋಬಾಲಿನಲ್ಲಿ ನಡುವೆ ಬಲೆಯಿರುತ್ತದೆ, ಎದುರಿನವಳು ನಮ್ಮನ್ನು ದಬ್ಬುವುದಿಲ್ಲ. ನನಗಿದ್ದ ಭಯ ಅದೊಂದೇ.

"ಬಿದ್ದರೆ ಎಬ್ಬಿಸ್ಲಿಕ್ಕೆ ಆರು ಜನ ನರ್ಸ್ ಇದ್ದಾರೆ" ಎಂದರು. "ಇಷ್ಟು ಸೇಫ್ ಟೀಮ್ ದೋಹಾದಲ್ಲಿ ಬೇರೆ ಇಲ್ಲ."

ಅವತ್ತು ಆ ಬಿಸಿಯಲ್ಲಿ ಎಷ್ಟು ಚೆಂಡು ಹಿಡಿದೆನೋ ಎಷ್ಟು ಒಗೆದೆನೋ ನೆನಪಿಲ್ಲ. ಬೆರಳು ಊದಿಕೊಂಡಿತ್ತು, ಅಂಗಿ ಹಿಂಡಿದರೆ ನೀರು ಬರುತ್ತಿತ್ತು. ಹತ್ತು ವರ್ಷ ಕಲಿತದ್ದು ಕೈಯಲ್ಲೇ ಇತ್ತು, ಯಾರೂ ಅದನ್ನು ಬೆಳೆಸಬೇಕಾಗಿರಲಿಲ್ಲ. ಮನೆಗೆ ಬಂದು ಸ್ನಾನದ ಕೋಣೆಯಲ್ಲಿ ಮತ್ತೆ ಅತ್ತೆ. ಈ ಸಲ ಸಂತೋಷಕ್ಕೆ.

ಪಂದ್ಯ ನಡೆದದ್ದು ನನ್ನ ಹಳೆಯ ತಂಡದ ಮೇಲೆಯೇ. ಯಜಮಾನರು ಆಚೆ ಬದಿಯಲ್ಲಿ ಮ್ಯಾನೇಜರ್ ಟೀ ಶರ್ಟ್ ಹಾಕಿಕೊಂಡು ಕೂತಿದ್ದರು. ಬೆಳಿಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಬಂದು, ಪಾರ್ಕಿಂಗಿನಲ್ಲಿ ಅಪರಿಚಿತರ ಹಾಗೆ ಬೇರೆಯಾಗಿದ್ದೆವು. ಸಿಸ್ಟರ್ ನನ್ನನ್ನು ಮೊದಲ ಐವರಲ್ಲೇ ಇಳಿಸಿದರು. ನಮ್ಮಿಂದ ಹೋಗಿ ಅವರ ಪಾಲಾಗಿದ್ದ ಶೂಟರ್ ಹುಡುಗಿ ಮೊದಲ ಶಾಟ್ ಹೊಡೆದಳು. ಚೆಂಡು ರಿಂಗಿಗೆ ಬಡಿದು ಮೇಲಕ್ಕೆ ಚಿಮ್ಮಿತು. ಸುತ್ತ ಮೂವರು ದಬ್ಬುತ್ತಿದ್ದರು. ನಾನು ಕೈ ಎತ್ತಿದೆ. ಚೆಂಡು ಎರಡೂ ಅಂಗೈಗೆ ಬಂದು ಕೂತ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಉಳಿದದ್ದನ್ನು ತೋಳು ತಾನೇ ಮಾಡಿತು. ಅರ್ಧ ಕೋರ್ಟಿನ ಆಚೆ ಓಡುತ್ತಿದ್ದ ನಮ್ಮ ಹುಡುಗಿಯ ಕೈಗೆ ಚೆಂಡು ಹೋಗಿ ಬಿತ್ತು, ಅವಳು ಬುಟ್ಟಿಗೆ ಹಾಕಿದಳು.

ಅದೇ ಪಂದ್ಯದುದ್ದಕ್ಕೂ ನಡೆಯಿತು. ಅವರು ಹೊಡೆಯುವುದು, ತಪ್ಪುವುದು, ನಾನು ಹಿಡಿಯುವುದು, ಒಗೆಯುವುದು. ಎರಡು ಸಲ ಬಿದ್ದೆ. ಎರಡು ಸಲವೂ ನಾಲ್ಕು ಜನ ನಾಡಿ ಹಿಡಿದು ನೋಡಿದರು. ನಾನು ಒಂದೇ ಒಂದು ಅಂಕವನ್ನೂ ಗಳಿಸಲಿಲ್ಲ, ಚೆಂಡನ್ನು ಒಂದು ಸಲವೂ ನೆಲಕ್ಕೆ ಕುಟ್ಟಲಿಲ್ಲ. ನಾವು ಗೆದ್ದೆವು. ಮುಗಿದ ಮೇಲೆ ಸಿಸ್ಟರ್ ನನ್ನ ಬೆನ್ನಿಗೆ ಜೋರಾಗಿ ಒಂದು ಏಟು ಕೊಟ್ಟು, "ನಾಳೆ ಬೆರಳಿಗೆ ಐಸ್ ಇಡು" ಎಂದರು. ನೀವು ಹೋಗಿ ನೀನು ಆದದ್ದು ಆಗ.

ಎದುರಿನ ಗ್ಯಾಲರಿಯಲ್ಲಿ ಆಗಲೇ ಚರಿತ್ರೆಯ ತಿದ್ದುಪಡಿ ನಡೆದಿತ್ತು. ಮೊದಲ ಪಿಕ್ ಹಾಳಾಯಿತೆಂದು ಗೋಳಾಡಿದ್ದವರು ಅದು ಚಿನ್ನದಂಥ ಪಿಕ್ ಆಗಿತ್ತು ಎಂದು ನೆನಪಿಸಿಕೊಂಡರು. ಕಾಯಬೇಕು ಎಂದಿದ್ದವರು, ನಾವು ಹೇಳಿರಲಿಲ್ಲವೇ ಎಂದರು. ಸಂಜೆಯ ಹೊತ್ತಿಗೆ ಅಕೌಂಟೆಂಟ್ ಸಾಹೇಬರ ಉದ್ದನೆಯ ವಾಯ್ಸ್ ಮೆಸೇಜು ಗುಂಪಿಗೆ ಬಂತು. ನಮ್ಮ ಡೆವಲಪ್‌ಮೆಂಟ್ ಪ್ರೋಗ್ರಾಂ ಫಲ ಕೊಟ್ಟಿದೆ, ಬೆಂಚಿನ ಮೇಲಿನ ಆ ಎರಡು ಪಂದ್ಯಗಳೇ ಆಕೆಯನ್ನು ರೂಪಿಸಿದವು, ರೆಕ್ಕೆಯ ಅಳತೆಯನ್ನು ನಾನು ಮೊದಲೇ ಗುರುತಿಸಿದ್ದೆ ಎಂದು. ಅದಕ್ಕೆ ಎಷ್ಟೋ ಜನ ಹೆಬ್ಬೆರಳು ಎತ್ತಿದ್ದರು. ಅದರಲ್ಲಿ ಒಂದು ಹೆಬ್ಬೆರಳು ನಮ್ಮ ಮನೆಯದೇ.

ಆ ಶನಿವಾರ ಕಮಿಟಿ ಮತ್ತೆ ಬಂತು. ಮಾಲೀಕರ ಕೈಯಲ್ಲಿ ಸಿಹಿಯ ಪೆಟ್ಟಿಗೆ. ನಾನು ಈ ಸಲ ಒಳಗೆ ಹೋಗಲಿಲ್ಲ, ಸೋಫಾದ ಒಂದು ಬದಿಗೆ ಕೂತೆ. ಪ್ರಾಕ್ಟೀಸಿಗೆ ಹೊರಡುವವಳಿದ್ದೆ, ಟ್ರ್ಯಾಕ್ ಪ್ಯಾಂಟಿನಲ್ಲೇ ಇದ್ದೆ. ಅವರು ಮೂವರೂ ಸ್ವಲ್ಪ ಒತ್ತರಿಸಿಕೊಂಡು ಕೂತರು.

"ಮೇಡಂ" ಎಂದರು ಸಾಹೇಬರು, "ನಿಮ್ಮನ್ನ ವಾಪಸ್ ತಗೊಳ್ಳೋ ಬಗ್ಗೆ ನಾವು ತುಂಬಾ ಪಾಸಿಟಿವ್ ಆಗಿದ್ದೀವಿ. ಕೋರ್ಟು ಬಿಟ್ಕೊಡ್ತೀವಿ, ಶೂಟರನ್ನೂ ಬಿಟ್ಕೊಡ್ತೀವಿ ಅಂತ ಅವ್ರಿಗೆ ಫೋನ್ ಮಾಡಿದ್ವಿ."

"ಏನಂದ್ರು?"

ಸಾಹೇಬರು ಮಾಲೀಕರನ್ನು ನೋಡಿದರು. ಮಾಲೀಕರು ಗಂಟಲು ಸರಿಮಾಡಿಕೊಂಡರು. "ಆ ಸಿಸ್ಟರ್ ಸ್ವಲ್ಪ ಖಡಕ್ ಜನ. ನನಗೆ ಕೋರ್ಟೂ ಬೇಡ ಎಂತದೂ ಬೇಡ, ಅವಳು ಬರ್ತೇನೆ ಅಂದ್ರೆ ಕರ್ಕೊಂಡು ಹೋಗಿ, ಅವಳ ಹತ್ರವೇ ಕೇಳಿ, ಅಂದ್ರು. ಹಾಗೆ ಬಂದದ್ದು, ತಂಗೀ."

ಮೂವರೂ ನನ್ನ ಕಡೆ ನೋಡಿದರು. ಯಜಮಾನರ ಮುಖದಲ್ಲಿ ಆಸೆಯೂ ಇತ್ತು, ಅಪರಾಧಿಯ ಅಳುಕೂ ಇತ್ತು. ಅವರ ಮೇಲೆ ನನಗೆ ಅಷ್ಟು ದಿನ ಸಿಟ್ಟಿತ್ತು, ಆಗ ಪ್ರೀತಿಯೂ ಬಂತು, ಎರಡೂ ಒಟ್ಟಿಗೇ ಇದ್ದವು. ಆದರೆ ಉತ್ತರಕ್ಕೆ ಹುಡುಕಾಡಬೇಕಾಗಿರಲಿಲ್ಲ.

"ನಾ ಬರೂದಿಲ್ರಿ" ಎಂದೆ. "ಅಲ್ಲಿ ಸೆಕಿ ಐತಿ, ಎ.ಸಿ. ಇಲ್ಲ. ಖರ್ಜೂರನೂ ಕೊಡೂದಿಲ್ಲ. ಆದ್ರ ಅಲ್ಲಿ ನನ್ನ ಯಾರೂ ಬೆಳಸೂದಿಲ್ಲ. ಆಡಸ್ತಾರ."

"ಎಮೋಷನಲ್ ಆಗ್ಬೇಡಿ ಮೇಡಂ, ನೆಕ್ಸ್ಟ್ ಸೀಸನ್ ದೃಷ್ಟಿಯಿಂದ ಯೋಚ್ನೆ ಮಾಡಿದ್ರೆ..." ಎಂದು ಸಾಹೇಬರು ಶುರು ಮಾಡಿದರು.

"ಖಲಾಸ್, ಬಿಡಿ ಮಾರಾಯ್ರೆ" ಎಂದು ಮಾಲೀಕರು ಎದ್ದೇಬಿಟ್ಟರು. "ಕೇಳಿದ್ದು ಆಯ್ತು, ಅವರು ಹೇಳಿದ್ದೂ ಆಯ್ತು." ಸಿಹಿಯ ಪೆಟ್ಟಿಗೆಯನ್ನು ವಾಪಸು ಒಯ್ಯುವುದೋ ಬಿಡುವುದೋ ಎಂದು ಒಂದು ಕ್ಷಣ ತಡೆದು, ಬಿಟ್ಟೇ ಹೋದರು. ನಾನು ಮೊದಲೇ ಹೇಳಿದೆನಲ್ಲ, ಅವರ ಮನಸ್ಸು ದೊಡ್ಡದು.

ಯಜಮಾನರು ಕಾರಿನ ಕೀಲಿ ತೆಗೆದುಕೊಂಡರು. ಬಯಲು ಕೋರ್ಟಿನ ಬೇಲಿಯ ಪಕ್ಕಕ್ಕೇ ತಂದು ನಿಲ್ಲಿಸಿದರು. ಅಲ್ಲಿ ಸಿಸ್ಟರ್ ಆಗಲೇ ಹುಡುಗಿಯರನ್ನು ಓಡಿಸುತ್ತಿದ್ದರು. ನಾನು ಇಳಿದು ಬಾಗಿಲು ಹಾಕುವಷ್ಟರಲ್ಲಿ ಅವರು ಗಾಜು ಇಳಿಸಿದರು.

"ಫೈನಲ್‌ನಾಗ ನಿಮ್ಮ ಟೀಮೂ ನಮ್ಮ ಟೀಮೂ ಬಂದ್ರ" ಎಂದರು, "ನಾ ಯಾವ ಕಡೆ ಕೂಡ್ಬೇಕು?"

"ಅದನ್ನ ನೀವ ಆರಿಸ್ಕೋರಿ" ಎಂದೆ. ನನಗೆ ತಡವಾಗಿತ್ತು.